ಕಡಲ ತಡಿಯಲ್ಲಿ ಮೂರು ದಿನ

ಚಾಮರಾಜನಗರಕ್ಕೂ ಕಡಲಿಗೂ ಯಾವ ನಂಟೂ ಇಲ್ಲ. ರೈಲು ನಮ್ಮ ಊರಿಗೆ ಬಂದು, ಮುಂದೆ ಹಳಿಯಿಲ್ಲದೆ ನಿಂತುಬಿಡುತ್ತದೆ. ಸುತ್ತಲೂ ಇರುವುದು ಬೆಟ್ಟ, ಕಾಡು, ಕೆರೆ ಮತ್ತು ಕರಿಕಲ್ಲಿನ ಗಣಿ. ಆದರೂ ಕಳೆದ ಹತ್ತು ವರ್ಷಗಳಿಂದ ನಾನು ಇಲ್ಲಿನ ಕಾಲೇಜಿನಲ್ಲಿ ಸಮುದ್ರವರ್ಣನೆಯನ್ನು ಪಾಠ ಹೇಳುತ್ತಿದ್ದೇನೆ. ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳು ಇರಲೇಬೇಕೆಂಬುದು ನಮ್ಮ ಹಿಂದಿನವರ ಮತ. ಆ ಹದಿನೆಂಟರಲ್ಲಿ ಕಡಲಿಗೆ ಮೊದಲ ಸಾಲಿನಲ್ಲಿಯೇ ಸ್ಥಾನ. ತೆರೆ, ನೊರೆ, ಮುತ್ತು, ಹವಳ, ತಿಮಿಂಗಿಲ ಎಂದು ನಾನು ಒಂದೊಂದೇ ಪದಕ್ಕೆ ಅರ್ಥ ಹೇಳುತ್ತ ಹೋಗುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತ ಹೋಗುತ್ತಾರೆ. ಕಳೆದ ವರ್ಷ ಯಳಂದೂರು ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ತಾವು ಕಡಲನ್ನು ನೋಡಿದ್ದೀರಾ?" ಎಂದು ಕೇಳಿದಳು.

"ನೋಡಿದ್ದೇನೆ" ಎಂದೆ. ಅದು ಸುಳ್ಳಲ್ಲ. ಒಮ್ಮೆ ವಿಚಾರಗೋಷ್ಠಿಗೆಂದು ಮಂಗಳೂರಿಗೆ ಹೋಗಿದ್ದಾಗ, ಬಸ್ಸಿನ ಕಿಟಕಿಯಿಂದ, ಎರಡು ಮನೆಗಳ ನಡುವೆ, ಒಂದು ನೀಲಿ ಪಟ್ಟಿ ಕಣ್ಣಿಗೆ ಬಿದ್ದಿತ್ತು. ಅದನ್ನು ನೋಡುವುದೆಂದು ಕರೆಯಬಹುದಾದರೆ ನಾನು ಕಡಲನ್ನು ನೋಡಿದವನೇ ಸರಿ.

ಈ ಪಾಪಕ್ಕೆ ಪ್ರಾಯಶ್ಚಿತ್ತವಾದುದು ಡಿಸೆಂಬರಿನ ಕೊನೆಯಲ್ಲಿ. ಮೈಸೂರಿನ ಒಂದೇ ಹಾಸ್ಟೆಲಿನಲ್ಲಿ ಓದಿದ ನಾವು ನಾಲ್ವರು ಗೆಳೆಯರು ಹಲವು ವರ್ಷಗಳ ತರುವಾಯ ಗುಂಡ್ಲುಪೇಟೆಯಲ್ಲಿ ಒಂದುಗೂಡಿದೆವು. ಹೆಸರು ಬರೆದರೆ ಅವರು ನನ್ನ ಮೇಲೆ ಮುನಿದಾರು; ಆದುದರಿಂದ ಅವರವರ ಉದ್ಯೋಗದಿಂದಲೇ ಕರೆಯುತ್ತೇನೆ. ಒಬ್ಬ ಬ್ಯಾಂಕಿನವನು. ಇನ್ನೊಬ್ಬ ಗುಂಡ್ಲುಪೇಟೆಯ ಪಕ್ಕದ ಹಳ್ಳಿಯಲ್ಲಿ ತರಕಾರಿ ಮತ್ತು ಹೂವು ಬೆಳೆಯುವ ರೈತ. ಮೂರನೆಯವನು ಅಮೆರಿಕದಿಂದ ರಜೆಗೆ ಬಂದವನು. ಅವನನ್ನು ಅಮೆರಿಕ ಎಂದೇ ಕರೆಯೋಣ.

ಅಮೆರಿಕ ಆ ವರ್ಷವಷ್ಟೇ ತನ್ನ ಕಚೇರಿಯ ಸಹೋದ್ಯೋಗಿಗಳೊಡನೆ ಕೆರಿಬಿಯನ್ ಸಮುದ್ರದಲ್ಲಿ ಒಂದು ವಾರ ಹಡಗಿನ ವಿಹಾರ ಮಾಡಿ ಬಂದಿದ್ದ. ಫ್ಲಾರಿಡಾದ ಮಯಾಮಿಯಿಂದ ಹೊರಡುವ ಇಂಥ ಹಡಗುಗಳು ತೇಲುವ ಊರುಗಳೇ. ಅತಿ ದೊಡ್ಡವು ಐದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತು ಸಾಗುತ್ತವೆ. ಇರುಳೆಲ್ಲ ಪಯಣ, ಬೆಳಗಾದರೆ ಒಂದು ದ್ವೀಪ, ಹಾಲಿನಂಥ ಮರಳು, ಒರಗು ಕುರ್ಚಿ. ಅವನು ಚಿತ್ರಗಳನ್ನು ತೋರಿಸುತ್ತಿದ್ದಾಗ ಬ್ಯಾಂಕಿನವನು ಕೇಳಿದ:

"ಅಲ್ಲಿ ನೀನು ಏನು ಮಾಡಿದೆ?"

"ಏನೂ ಮಾಡಲಿಲ್ಲ."

"ಒಂದು ವಾರವೂ?"

"ಒಂದು ವಾರವೂ."

ಏನೂ ಮಾಡದಿರುವುದಕ್ಕೆ ಮನುಷ್ಯನು ಹಣ ಕೊಡಬಲ್ಲನೆಂಬುದು ಬ್ಯಾಂಕಿನವನಿಗೆ ಯಾವ ಲೆಕ್ಕದಿಂದಲೂ ಅರ್ಥವಾಗಲಿಲ್ಲ. ಅಮೆರಿಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲವೂ ಚೆನ್ನಾಗಿತ್ತು ಕಣೋ. ಪಕ್ಕದ ಕುರ್ಚಿಯಲ್ಲಿ ನೀವಿರಲಿಲ್ಲ, ಅಷ್ಟೇ" ಎಂದ.

ಆಗ ರೈತ ಹೇಳಿದ: "ನಮಗೆ ಹಡಗು ಏತಕ್ಕೆ? ಇಲ್ಲಿಂದ ಕಲ್ಲಿಕೋಟೆಯ ಕಡಲು ನೂರೈವತ್ತು ಕಿಲೋಮೀಟರು. ನಮ್ಮ ಟೊಮೆಟೊ ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತದೆ. ನಾವು ಒಂದು ಸಲ ಹೋಗಬಾರದೆ?" ಮತ್ತೆ ತಗ್ಗಿದ ದನಿಯಲ್ಲಿ, "ಅಪ್ಪನನ್ನೂ ಕರೆದುಕೊಂಡು ಹೋಗೋಣ. ಮೂವತ್ತು ವರ್ಷ ಆ ದಾರಿಯಲ್ಲಿ ಲಾರಿ ಓಡಿಸಿದವರು. ಕಡಲನ್ನು ಮಾತ್ರ ನೋಡಿಲ್ಲ" ಎಂದ.

ನಾವು ನಂಬಲಿಲ್ಲ. ಕಲ್ಲಿಕೋಟೆಗೆ ಮೂವತ್ತು ವರ್ಷ ಹೋಗಿ ಬಂದವರು ಕಡಲನ್ನು ನೋಡಿಲ್ಲವೆಂದರೆ, ತಿರುಪತಿಗೆ ಮೂವತ್ತು ಸಲ ಹೋಗಿ ದೇವರನ್ನು ನೋಡಿಲ್ಲವೆಂದಂತೆ. ಜಗಲಿಯಲ್ಲಿ ಕುಳಿತಿದ್ದ ಎಪ್ಪತ್ತು ದಾಟಿದ ಅಪ್ಪಾಜಿ ನಕ್ಕರು. "ಲೋಡು ಇಳಿಸೋದು, ಖಾಲಿ ಗಾಡಿ ತಿರುಗಿಸೋದು ಮೇಷ್ಟ್ರೆ. ಕಡಲು ಎಲ್ಲಿಗೂ ಓಡೋಗಕಿಲ್ಲ, ನಾಳೆ ನೋಡಾನ ಅಂದ್ಕೊಂಡು ಬರ್ತಿದ್ದೆ. ಅಂಗೇ ಆಗೋಯ್ತು."

ಮುಂಜಾವಿನ ಬಾಗಿಲು

ಶುಕ್ರವಾರ ಬೆಳಗ್ಗೆ ಐದೂವರೆಗೆ ಗುಂಡ್ಲುಪೇಟೆ ಬಿಟ್ಟೆವು. ಚಳಿ ಎಲುಬಿಗೆ ತಾಕುತ್ತಿತ್ತು. ಮದ್ದೂರಿನ ತಪಾಸಣಾ ಠಾಣೆಯ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಕೋಸು, ಬೀಟ್‌ರೂಟು, ಟೊಮೆಟೊ, ಬಾಳೆಗೊನೆ—ನಮ್ಮ ತಾಲ್ಲೂಕಿನ ಹೊಲಗಳೆಲ್ಲ ಚಕ್ರದ ಮೇಲೆ ಕುಳಿತು ಬಾಗಿಲು ತೆರೆಯುವುದನ್ನು ಕಾಯುತ್ತಿದ್ದಂತೆ ತೋರಿತು.

ಈ ಬಾಗಿಲಿನ ಕಥೆ ತಿಳಿಯದ ವಾಚಕರಿಗಾಗಿ ಎರಡು ಮಾತು. ಮೈಸೂರಿನಿಂದ ಗುಂಡ್ಲುಪೇಟೆಯ ಮೂಲಕ ಕಲ್ಲಿಕೋಟೆಗೆ ಹೋಗುವ ಹೆದ್ದಾರಿಗೆ ಮೊದಲು 212 ಎಂಬ ಸಂಖ್ಯೆಯಿತ್ತು. ಈಗ ಅದು 766. ಈ ದಾರಿ ಬಂಡೀಪುರದ ಕಾಡಿನೊಳಗೆ ಸುಮಾರು ಇಪ್ಪತ್ತು ಕಿಲೋಮೀಟರು ಹಾದು ಹೋಗುತ್ತದೆ. 1973ರಲ್ಲಿ ದೇಶದ ಹುಲಿ ಯೋಜನೆ ಆರಂಭವಾದಾಗ ಅದಕ್ಕೆ ಆರಿಸಿದ ಮೊದಲ ಕಾಡುಗಳಲ್ಲಿ ಇದೂ ಒಂದು. ಇರುಳಿನ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಚಾಮರಾಜನಗರದ ಜಿಲ್ಲಾಡಳಿತ ರಾತ್ರಿಯ ಸಂಚಾರವನ್ನು ನಿಲ್ಲಿಸಿತು. 2010ರಲ್ಲಿ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ಎತ್ತಿಹಿಡಿಯಿತು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಆಂಬುಲೆನ್ಸು ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗಲ್ಲದೆ ಬೇರೆಯವರಿಗೆ ದಾರಿಯಿಲ್ಲ. ರಾತ್ರಿಯಲ್ಲಿ ಹೋಗಲೇಬೇಕಾದವರು ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತುದಾರಿ ಹಿಡಿಯಬೇಕು.

ಸಂಜೆ ಕಿತ್ತ ತರಕಾರಿ ಬೆಳಗಾಗುವ ಮುನ್ನ ಮಾರುಕಟ್ಟೆ ಸೇರಬೇಕೆಂಬುದು ಆ ವ್ಯಾಪಾರದ ಧರ್ಮ. ಬಾಗಿಲು ಬಿದ್ದ ಮೇಲೆ ಆ ಧರ್ಮ ಕೆಟ್ಟಿತು. "ಅಪ್ಪ ಆಗ ಈ ಗೇಟಿನ ಮುಂದೆ ನಿಂತು ಧಿಕ್ಕಾರ ಕೂಗಿದವರು. ಎರಡು ವರ್ಷದಲ್ಲಿ ಲಾರಿ ಮಾರಿದರು" ಎಂದು ರೈತ ನನ್ನ ಕಿವಿಯಲ್ಲಿ ಹೇಳಿದ. ಅಪ್ಪಾಜಿ ಮುಂದಿನ ಸೀಟಿನಲ್ಲಿ ಕುಳಿತು, ಕಂಬಳಿ ಹೊದೆದು, ಬಾಗಿಲನ್ನೇ ನೋಡುತ್ತಿದ್ದರು. ಏನನ್ನೂ ಆಡಲಿಲ್ಲ.

ಆರು ಹೊಡೆಯಿತು. ಬಾಗಿಲು ತೆರೆಯಿತು. ಮಂಜಿನ ನಡುವೆ ಜಿಂಕೆಗಳ ಹಿಂಡು ದಾರಿಯ ಅಂಚಿನಲ್ಲಿ ಮೇಯುತ್ತಿತ್ತು. ಇರುಳೆಲ್ಲ ತಮ್ಮದಾಗಿದ್ದ ದಾರಿಯನ್ನು ನಮಗೆ ಬಿಟ್ಟುಕೊಡಲು ಅವುಗಳಿಗೆ ಅವಸರವೇನೂ ಇದ್ದಂತಿರಲಿಲ್ಲ.

ಹೂವಿನ ಊರಿನವರು

ಮೂಲೆಹೊಳೆಯ ಗಡಿ ದಾಟಿ, ಮುತ್ತಂಗದ ಕಾಡನ್ನು ಹಾದು, ಸುಲ್ತಾನ್ ಬತ್ತೇರಿ ಸೇರಿದೆವು. ನಾವು ಹೊರನಾಡೆಂದುಕೊಳ್ಳುವ ಈ ವಯನಾಡು ನಮ್ಮ ಶಾಸನಗಳಲ್ಲಿ ಬಯಲ್ನಾಡು. ಬತ್ತೇರಿಯ ಹಳೆಯ ಹೆಸರುಗಳಲ್ಲಿ ಹನ್ನೆರಡು ಬೀದಿ ಎಂಬುದೂ ಒಂದು; ಅಲ್ಲಿ ನೆಲೆಸಿದ್ದ ಜೈನರು ಇಟ್ಟ ಅಚ್ಚ ಕನ್ನಡದ ಹೆಸರು. ಅವರು ಕಟ್ಟಿದ ಕಲ್ಲಿನ ಬಸದಿ ಈಗಲೂ ಹೆದ್ದಾರಿಯ ಪಕ್ಕದಲ್ಲಿ ನಿಂತಿದೆ. ಟಿಪ್ಪು ಸುಲ್ತಾನ ಅದನ್ನು ಮದ್ದುಗುಂಡಿನ ಉಗ್ರಾಣ ಮಾಡಿಕೊಂಡನಂತೆ. ಇಂಗ್ಲಿಷರ ಬಾಯಲ್ಲಿ ಊರು ಸುಲ್ತಾನನ ಬ್ಯಾಟರಿಯಾಯಿತು.

ಚಹದ ಅಂಗಡಿಯವನು ಯಾವ ಊರೆಂದು ಕೇಳಿದ. ಗುಂಡ್ಲುಪೇಟೆ ಎಂದೊಡನೆ ಅವನ ಮುಖ ಅರಳಿತು. "ಪೂವಿನ ನಾಡು!" ಎಂದು ಉದ್ಗರಿಸಿದ. ಜುಲೈಯಿಂದ ಸೆಪ್ಟೆಂಬರಿನವರೆಗೆ ನಮ್ಮ ಹೊಲಗಳಲ್ಲಿ ಚೆಂಡುಹೂವು ಮತ್ತು ಸೂರ್ಯಕಾಂತಿ ಅರಳಿದಾಗ ಕೇರಳದ ಸಂಸಾರಗಳು ಕಾರುಗಳಲ್ಲಿ ಬಂದು ಬದುವಿನ ಮೇಲೆ ನಿಂತು ಚಿತ್ರ ತೆಗೆದುಕೊಂಡು ಹೋಗುವುದುಂಟು. ಓಣಂ ಹಬ್ಬದ ಹೂವಿನ ರಂಗೋಲಿಗೆ ನಮ್ಮ ಚೆಂಡುಹೂವು ಇದೇ ದಾರಿಯಲ್ಲಿ ಇಳಿದು ಹೋಗುತ್ತದೆ. ನಮಗೆ ಅದು ಕ್ವಿಂಟಾಲಿನ ಮಾತು, ಅವರಿಗೆ ನೋಟ. ರೈತನ ಮನೆಯವರು ತಮ್ಮ ಹೊಲದ ನಡುವೆ ನಿಂತು ಒಂದು ಚಿತ್ರವನ್ನೂ ತೆಗೆಸಿಕೊಂಡಿಲ್ಲ. ಚಹದ ಅಂಗಡಿಯವನನ್ನು ಕೇಳಿದೆ: "ನೀವು ಕಡಲಿಗೆ ಹೋಗುವುದುಂಟೇ?" ಅವನು ಕೈಯಾಡಿಸಿ, "ಸಮಯವೆಲ್ಲಿ ಸಾರ್?" ಎಂದ.

ಕಲ್ಪೆಟ್ಟ ದಾಟಿ, ಪೂಕೋಡು ಕೆರೆಯ ಪಕ್ಕದಲ್ಲಿ ಸಾಗಿದೆವು. ಈ ಕೆರೆಯಿಂದ ಹೊರಡುವ ತೊರೆ ಕಬಿನಿಗೆ ಸೇರುತ್ತದೆ. ಅರಬ್ಬೀ ಸಮುದ್ರ ಘಟ್ಟದ ಕೆಳಗೇ ಇದ್ದರೂ ಆ ನೀರು ಅತ್ತ ತಿರುಗುವುದಿಲ್ಲ. ಪೂರ್ವಕ್ಕೆ ಹರಿದು, ಕಾವೇರಿಯಾಗಿ, ನಾಡನ್ನೆಲ್ಲ ಸುತ್ತಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ದಾರಿಯುದ್ದಕ್ಕೂ ಹೊಲ ಗದ್ದೆಗಳಿಗೆ ಉಣಿಸುವ ಕೆಲಸವಿರುವಾಗ ಹತ್ತಿರದ ಕಡಲು ಅದಕ್ಕೆ ದಕ್ಕುವುದೆಂತು?

ಲಕ್ಕಿಡಿಯಲ್ಲಿ ಸರಪಳಿ ಬಿಗಿದ ಒಂದು ಮರವಿದೆ. ಘಟ್ಟದ ದಾರಿಯನ್ನು ಇಂಗ್ಲಿಷ್ ಎಂಜಿನಿಯರಿಗೆ ತೋರಿಸಿಕೊಟ್ಟ ಕರಿಂತಂಡನ್ ಎಂಬ ಕಾಡಿನ ತರುಣನನ್ನು, ಕೀರ್ತಿ ತನಗೇ ಉಳಿಯಲೆಂದು, ಆ ಎಂಜಿನಿಯರ್ ಕೊಂದನಂತೆ. ಅವನ ಆತ್ಮ ದಾರಿಹೋಕರನ್ನು ಕಾಡತೊಡಗಿದಾಗ ಅದನ್ನು ಈ ಮರಕ್ಕೆ ಸರಪಳಿಯಿಂದ ಕಟ್ಟಿದರೆಂದು ಐತಿಹ್ಯ. ಅಪ್ಪಾಜಿ ಕಾರು ನಿಲ್ಲಿಸಹೇಳಿ ಕೈಮುಗಿದರು. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಒಮ್ಮೆಯೂ ತಪ್ಪಿಸಿದವರಲ್ಲವಂತೆ. ಅಲ್ಲಿಂದ ತಾಮರಶ್ಶೇರಿ ಘಟ್ಟದ ಒಂಬತ್ತು ತಿರುವುಗಳು. ಪ್ರತಿಯೊಂದು ತಿರುವಿಗೂ ಚಳಿ ಒಂದೊಂದು ಪದರವಾಗಿ ಕಳಚಿತು. ಕೆಳಗಿಳಿದಾಗ ಅಪ್ಪಾಜಿ ಕಂಬಳಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದರು.

ಮಿಲ್ಲಿನ ಸದ್ದು

ಕಲ್ಲಿಕೋಟೆಯ ಕಡಲ ದಂಡೆಗೆ ಹತ್ತಿರದ ಸಾಧಾರಣ ವಸತಿಗೃಹದಲ್ಲಿ ಇಳಿದುಕೊಂಡು, ಬಿಸಿಲು ತಗ್ಗಿದ ಮೇಲೆ ಹೊರಟೆವು. ದಾರಿಯಲ್ಲಿ ಪಾಳಯಂ ಬೀದಿಯನ್ನು ಕಂಡು ಅಪ್ಪಾಜಿ, "ಇಲ್ಲೇ, ಇಲ್ಲೇ ನಾ ಲೋಡು ಇಳಿಸ್ತಿದ್ದದ್ದು" ಎಂದರು. ಅಲ್ಲಿಂದ ಕಡಲಿಗೆ ಎರಡು ಕಿಲೋಮೀಟರೂ ಇಲ್ಲ.

ಹತ್ತು ವರ್ಷ ಸಮುದ್ರವರ್ಣನೆ ಮಾಡಿದ ನನಗೆ ಸಮುದ್ರದ ಮುಂದೆ ನಿಂತಾಗ ಒಂದು ವಿಶೇಷಣವೂ ನೆನಪಾಗಲಿಲ್ಲ. ಮೊದಲು ಮನಸ್ಸಿಗೆ ಬಂದುದು ಇಷ್ಟೇ: ಇದು ಎದ್ದು ನಿಂತಿದೆ. ಕೆರೆಯ ನೀರು ನಮ್ಮ ಕಾಲಿಗಿಂತ ಕೆಳಗಿರುತ್ತದೆ. ಕಡಲು ಕಣ್ಣಿನ ಮಟ್ಟಕ್ಕೆ ಏರಿ, ಆಕಾಶಕ್ಕೆ ಒರಗಿ ನಿಂತಂತೆ ಕಾಣುತ್ತದೆ. ಈ ಸಾಮಾನ್ಯ ಸಂಗತಿಯನ್ನು ನಾನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ.

ಅಪ್ಪಾಜಿ ಚಪ್ಪಲಿ ಬಿಟ್ಟು, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನೀರಿಗೆ ಇಳಿದರು. ಒಂದು ತೆರೆ ಬಂದು ಪಾದವನ್ನು ಮುಟ್ಟಿ ಹಿಂದಕ್ಕೆ ಸರಿಯಿತು. ಬಾಗಿ, ಅಂಗೈಯಲ್ಲಿ ನೀರು ಹಿಡಿದು ಕಣ್ಣಿಗೆ ಒತ್ತಿಕೊಂಡರು. ನಾಲಗೆಗೂ ತಾಗಿಸಿ ಮುಖ ಸಿಂಡರಿಸಿದರು. ಬಳಿಕ ತಲೆಯನ್ನು ಓರೆ ಮಾಡಿ ಬಹಳ ಹೊತ್ತು ಆಲಿಸುತ್ತ ನಿಂತರು.

"ಈ ಸದ್ದು ನಂಗೊತ್ತು ಕನಪ್ಪ" ಎಂದರು ಮಗನಿಗೆ. "ಮಳೆಗಾಲದ ರಾತ್ರಿ ಮೂರು ಗಂಟೆನಾಗೆ ಲಾರಿ ನಿಲ್ಲಿಸ್ಕೊಂಡು ಕಾಯ್ತಿದ್ನಲ್ಲ, ಆಗೆಲ್ಲ ಕೇಳ್ತಿತ್ತು. ಯಾವುದೋ ಮಿಲ್ಲು ಅಂದ್ಕೊಂಡಿದ್ದೆ."

ರೈತ ಮುಖವನ್ನು ಅತ್ತ ತಿರುಗಿಸಿಕೊಂಡ. ನಾವೂ ಏನನ್ನೂ ಹೇಳಲಿಲ್ಲ.

ಆ ಸಂಜೆ ನಾವು ಮಾಡಿದುದು ಏನೂ ಇಲ್ಲ. ದಂಡೆಯಲ್ಲಿ ಉಪ್ಪುನೀರಿನಲ್ಲಿ ನೆನೆಹಾಕಿದ ನೆಲ್ಲಿಕಾಯಿ, ಮಾವಿನಕಾಯಿ, ಅನಾನಸನ್ನು ಗಾಜಿನ ಭರಣಿಗಳಲ್ಲಿ ಮಾರುತ್ತಾರೆ. ನೆಲ್ಲಿಕಾಯಿ ತಿಂದು ನೀರು ಕುಡಿದೆವು. ಬಾಲ್ಯದಲ್ಲಿ ಮಾಡುತ್ತಿದ್ದಂತೆ ನೀರು ಸಿಹಿಯಾಯಿತೆಂದು ಆಶ್ಚರ್ಯಪಟ್ಟೆವು. ನಿಂಬೆ ಹಿಂಡಿದ ಹಾಲಿಲ್ಲದ ಚಹ ಅಲ್ಲಿ ಸುಲೈಮಾನಿ. ಮೀನು ತಿನ್ನುವವರು ಮೀನು ತಿಂದರು. ನನಗೆ ಪುಟ್ಟು ಮತ್ತು ಕಡಲೆ ದೊರೆಯಿತು. ಸೂರ್ಯ ನಮ್ಮ ಊರಿನಲ್ಲಿ ಬೆಟ್ಟದ ಹಿಂದಕ್ಕೆ ಸದ್ದಿಲ್ಲದೆ ಜಾರಿಬಿಡುತ್ತಾನೆ. ಇಲ್ಲಿ ಸಾವಿರಾರು ಜನರ ಎದುರಿನಲ್ಲಿ ಮುಳುಗುತ್ತಾನೆ. ಜನ ಮಾತು ನಿಲ್ಲಿಸಿ ನೋಡುತ್ತಾರೆ. ನಾಳೆಯೂ ಬರುತ್ತಾನೆಂದು ಗೊತ್ತಿದ್ದೂ ನೋಡುತ್ತಾರೆ.

ಬ್ಯಾಂಕಿನವನೊಬ್ಬನಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಐದು ನಿಮಿಷಕ್ಕೊಮ್ಮೆ ಫೋನನ್ನು ತೆಗೆದು ನೋಡುವನು. ನಿಟ್ಟುಸಿರು ಬಿಟ್ಟು ಜೇಬಿಗೆ ಹಾಕುವನು. "ಇಷ್ಟು ಹೊತ್ತು ಸುಮ್ಮನೆ ಕುಳಿತರೆ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತದೆ" ಎಂದ. ಅವನೊಬ್ಬನ ಕಾಯಿಲೆಯಲ್ಲ ಅದು. ಉತ್ತರಪತ್ರಿಕೆಗಳ ಕಟ್ಟೊಂದನ್ನು ನಾನೂ ಚೀಲದಲ್ಲಿ ತಂದಿದ್ದೆ.

ಮೆಣಸು, ಮೆಣಸಿನಕಾಯಿ

ಎರಡನೆಯ ದಿನ ಉತ್ತರಕ್ಕೆ ಹದಿನಾರು ಕಿಲೋಮೀಟರು ದೂರದ ಕಾಪಾಡಿಗೆ ಹೋದೆವು. ಇದು ನೆಮ್ಮದಿಯ ತೀರ. ದಂಡೆಯ ಬಂಡೆಗಳ ಮೇಲೆ ಗಾಳಿಗೆ ಬಾಗಿದ ಮರಗಳು, ಗುಡಿಸಿದಂತಿರುವ ಮರಳು. ಸ್ವಚ್ಛತೆ ಮತ್ತು ಸುರಕ್ಷತೆಗಾಗಿ ಕೊಡುವ ನೀಲಿ ಧ್ವಜದ ಮನ್ನಣೆ 2020ರಲ್ಲಿ ಈ ತೀರಕ್ಕೆ ದೊರೆಯಿತು. ಅದೇ ವರ್ಷ ನಮ್ಮ ಹೊನ್ನಾವರದ ಕಾಸರಕೋಡಿಗೂ ಪಡುಬಿದ್ರಿಗೂ ದೊರೆತಿತ್ತು.

1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮ ಇಲ್ಲಿ ಬಂದಿಳಿದನೆಂದು ಸಾರುವ ಪುಟ್ಟ ಕಲ್ಲುಕಂಬವೊಂದಿದೆ. ಅವನು ಬಂದುದು ಕರಿಮೆಣಸಿಗಾಗಿ. ಕಲ್ಲಿಕೋಟೆಯ ದೊರೆ ಸಾಮೂದಿರಿಗೆಂದು ತೆಗೆದಿರಿಸಿದ ಕಾಣಿಕೆಗಳು ಬಟ್ಟೆ, ಟೋಪಿ, ಹವಳದ ಸರ, ಕೈತೊಳೆಯುವ ಪಾತ್ರೆ, ಸಕ್ಕರೆ, ಎಣ್ಣೆ, ಜೇನು. ಅದನ್ನು ಕಂಡು ದೊರೆಯ ಅಧಿಕಾರಿಗಳು ನಕ್ಕರಂತೆ. ಬ್ಯಾಂಕಿನವನು ಅಂದು ಮೊದಲ ಬಾರಿಗೆ ಹಗುರವಾಗಿ, "ಅರ್ಜಿಯ ಜೊತೆಗೆ ತಕ್ಕ ಆಧಾರ ತಂದಿರಲಿಲ್ಲ" ಎಂದ.

ಅಮೆರಿಕನ ದ್ವೀಪಗಳಿಗೂ ಈ ತೀರಕ್ಕೂ ನಂಟಿದೆ. ಇದೇ ಮೆಣಸನ್ನು ಹುಡುಕುತ್ತ ಗಾಮನಿಗಿಂತ ಆರು ವರ್ಷ ಮೊದಲು, 1492ರಲ್ಲಿ, ಕೊಲಂಬಸ್ ಪಶ್ಚಿಮಕ್ಕೆ ಹೊರಟ. ಅವನು ಮುಟ್ಟಿದುದು ಕೆರಿಬಿಯನ್ ಕಡೆಯ ದ್ವೀಪಗಳನ್ನು. ಇಂಡಿಯಾ ಸಿಕ್ಕಿತೆಂದು ಭಾವಿಸಿದ. ಆ ತಪ್ಪಿನಿಂದಲೇ ಅವು ಇಂದಿಗೂ ವೆಸ್ಟ್ ಇಂಡೀಸ್. ಅಲ್ಲಿ ಅವನಿಗೆ ಮೆಣಸು ದೊರೆಯಲಿಲ್ಲ, ಮೆಣಸಿನಕಾಯಿ ದೊರೆಯಿತು. ಮುಂದಿನ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಕರಾವಳಿಗೆ ತಂದರು. ನಮ್ಮವರು ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಅಂಟಿಸಿ ಅಡುಗೆಮನೆಗೆ ಸೇರಿಸಿಕೊಂಡರು.

"ನಮ್ಮ ಚೆಂಡುಹೂವಿನ ಮೂಲವೂ ಆ ಕಡೆಯದೇ, ಮೆಕ್ಸಿಕೋ" ಎಂದೆ. "ಟೊಮೆಟೊವೂ ಹಾಗೆಯೇ. ಸೂರ್ಯಕಾಂತಿ ಉತ್ತರ ಅಮೆರಿಕದ್ದು."

ರೈತ ಬೆರಗಾದ. "ಹಾಗಾದರೆ ನನ್ನ ಹೊಲದಲ್ಲಿ ನಮ್ಮದೆನ್ನುವುದು ಏನಿದೆ?"

"ಹೊಲ ಇದೆಯಲ್ಲ" ಎಂದ ಅಮೆರಿಕ.

ರೈತ ತಟಕ್ಕನೆ ಉತ್ತರ ಕೊಡಲಿಲ್ಲ. ಮರಳಿನಲ್ಲಿ ಬೆರಳಾಡಿಸುತ್ತ, ಎರಡು ಬೆಳೆ ಟೊಮೆಟೊ ಬೆಲೆಯಿಲ್ಲದೆ ಹೋದುದನ್ನು, ಹೊಲದ ಅರ್ಧವನ್ನು ಮಾರುವ ಮಾತು ನಡೆದಿರುವುದನ್ನು ಹೇಳಿದ. ಅಪ್ಪಾಜಿ ದೂರದಲ್ಲಿ ಮೀನುಗಾರರ ಬಲೆ ನೋಡುತ್ತ ನಿಂತಿದ್ದರು. ಅವರಿಗೆ ಇನ್ನೂ ತಿಳಿದಿರಲಿಲ್ಲ. ಆಮೇಲೆ ಬ್ಯಾಂಕಿನವನು, ತನಗೆ ಆರು ತಿಂಗಳಿಂದ ನಿದ್ದೆಯಿಲ್ಲವೆಂದ; ಮನೆಯವರಿಗೆ ಹೇಳಿಲ್ಲವೆಂದ. ಅಮೆರಿಕ, ಊರಿಗೆ ಹಿಂದಿರುಗಿಬಿಡುವ ಯೋಚನೆಯಿದೆ, ಧೈರ್ಯವಿಲ್ಲ ಎಂದ.

ನಾನು ಇದನ್ನೇ ಯೋಚಿಸುತ್ತಿದ್ದೆ. ಗುಂಡ್ಲುಪೇಟೆಯ ಜಗಲಿಯಲ್ಲಿ ಎರಡು ಸಂಜೆ ಮಾತನಾಡಿದ್ದೆವು. ಇವುಗಳಲ್ಲಿ ಒಂದು ಮಾತೂ ಹೊರಬಿದ್ದಿರಲಿಲ್ಲ. ಮೊದಲ ದಿನದ ಮಾತೆಲ್ಲ ಸುದ್ದಿ, ಹಾಸ್ಯ, ಹಳೆಯ ಹಾಸ್ಟೆಲಿನ ಸಾರು. ಅದು ಮುಗಿದ ಮೇಲೆ ಬೇಸರದಂಥ ಒಂದು ಮೌನ ಬರುತ್ತದೆ. ಸಾಮಾನ್ಯವಾಗಿ ನಾವು ಅಷ್ಟಕ್ಕೆ ಎದ್ದು ಹೊರಟುಬಿಡುತ್ತೇವೆ, ಬಸ್ಸಿಗೆ ಹೊತ್ತಾಯಿತೆನ್ನುತ್ತೇವೆ. ಎಲ್ಲಿಗೂ ಹೋಗುವ ಕೆಲಸವಿಲ್ಲದೆ ಆ ಮೌನದ ಆಚೆಗೂ ಕುಳಿತುಕೊಂಡರೆ ಮಾತ್ರ ಈ ಮಾತುಗಳು ಬರುತ್ತವೆ. ಹಡಗಿನ ಕುರ್ಚಿಯಲ್ಲಿ ಅಮೆರಿಕನಿಗೆ ಕೊರತೆಯಾದುದು ಇದೇ ಇರಬೇಕು.

ಯಾರ ಕಷ್ಟವೂ ಅಲ್ಲಿ ಪರಿಹಾರವಾಗಲಿಲ್ಲ. ಆದರೆ ಹೊಲವನ್ನು ಮಾರುವ ಮೊದಲು ಕಾಗದಪತ್ರಗಳನ್ನು ತಾನು ಕುಳಿತು ನೋಡುವುದಾಗಿ ಬ್ಯಾಂಕಿನವನು ಹೇಳಿದ. ಹೇಳಿದವನು ಅಲ್ಲಿಯೇ ಮರದ ನೆರಳಿನಲ್ಲಿ ಮಲಗಿ, ಎರಡು ಗಂಟೆ ಗೊರಕೆ ಹೊಡೆದ. ಅವನ ಫೋನನ್ನು ಅಮೆರಿಕ ಜೋಪಾನವಾಗಿ ತನ್ನ ಚೀಲದಲ್ಲಿ ಇಟ್ಟುಕೊಂಡ.

ಮುಚ್ಚಿದ ಬಾಗಿಲು

ಭಾನುವಾರ ಮಧ್ಯಾಹ್ನ ಎರಡಕ್ಕೆ ಹೊರಡಬೇಕೆಂದು ನಿಶ್ಚಯವಾಗಿತ್ತು. ರಾತ್ರಿ ಒಂಬತ್ತರೊಳಗೆ ಗಡಿ ದಾಟಬೇಕಷ್ಟೆ. ಆದರೆ ಅಪ್ಪಾಜಿ, "ಇನ್ನೊಂದು ಗಳಿಗೆ ಕೂತ್ಕಂತೀನಿ" ಎಂದರು. ಮೂವತ್ತು ವರ್ಷ ಕಾದವರಿಗೆ ಒಂದು ಗಳಿಗೆಯನ್ನು ಇಲ್ಲವೆನ್ನುವವರು ಯಾರು? ಹೊರಟಾಗ ನಾಲ್ಕು ದಾಟಿತ್ತು. ರಜೆಯ ಕೊನೆಯ ದಿನ. ಘಟ್ಟದ ಒಂಬತ್ತು ತಿರುವುಗಳಲ್ಲಿಯೂ ವಾಹನಗಳು ಇರುವೆಯ ಸಾಲಿನಂತೆ ನಿಂತಿದ್ದವು. ಗಡಿ ಮುಟ್ಟಿದಾಗ ಒಂಬತ್ತು ಗಂಟೆ ಹತ್ತು ನಿಮಿಷ. ಬಾಗಿಲು ಮುಚ್ಚಿತ್ತು.

ಬ್ಯಾಂಕಿನವನು ಕೆಳಗಿಳಿದು ಕಾವಲಿನವರ ಮುಂದೆ ಸೋಮವಾರದ ಕಚೇರಿಯ ಕಥೆ ಹೇಳಿದ. ಹತ್ತೇ ನಿಮಿಷ ಎಂದ. ಅವರು ವಿನಯದಿಂದಲೇ ತಲೆಯಾಡಿಸಿದರು. ಅವನು ಸಿಟ್ಟಿನಿಂದ ಹಿಂದಿರುಗಿ, "ಅಪ್ಪಾಜಿ, ನೀವೇ ಹೇಳಿ. ಈ ಗೇಟಿನ ಕಷ್ಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದ.

ಅಪ್ಪಾಜಿ ಬಹಳ ಹೊತ್ತು ಮಾತನಾಡಲಿಲ್ಲ. ಬಾಗಿಲಿನ ಆಚೆ ಕಾಡು ಕಪ್ಪಾಗಿ ನಿಂತಿತ್ತು. ಬಳಿಕ ಮೆಲ್ಲಗೆ ಹೇಳಿದರು:

"ಒಂದಿನ ಮಳೆ ರಾತ್ರಿ, ಮೂಲೆಹೊಳೆ ಈಚೆಗೆ, ಜಿಂಕೆ ಅಡ್ಡ ಬಂತು. ಹಿಂದೆ ಲೋಡಿತ್ತು, ಬ್ರೇಕು ಹಿಡಿನಿಲ್ಲ. ಹೊಡ್ದುಬುಟ್ಟೆ. ಅದರ ಮರಿ ಪಕ್ಕದಲ್ಲೇ ನಿಂತಿತ್ತು. ಲೈಟಿನಾಗೆ ಅದರ ಕಣ್ಣು ಕಾಣ್ತು. ಮಾರ್ಕೆಟ್ಟಿಗೆ ಹೊತ್ತಾಯ್ತದೆ ಅಂತ ನಿಲ್ಲಿಸ್ನಿಲ್ಲ ಕನಪ್ಪ, ಹೊಂಟೋದೆ. ಯಾರಿಗೂ ಹೇಳ್ನಿಲ್ಲ. ಆಮೇಲೆ ಇದೇ ಗೇಟಿನ ಮುಂದೆ ನಿಂತು ಧಿಕ್ಕಾರ ಕೂಗ್ದೆ. ಕೂಗ್ತಾ ಇದ್ದಾಗ್ಲೂ ಆ ಕಣ್ಣು ನೆಪ್ಪಿಗೆ ಬತ್ತಿತ್ತು."

ಕಾರಿನೊಳಗೆ ಯಾರೂ ಅಲುಗಾಡಲಿಲ್ಲ. ಅವರ ಮಗನಿಗೂ ಇದು ಹೊಸದು.

"ಗೇಟು ಬಂದು ನನ್ ಹೊಟ್ಟೆಮ್ಯಾಲೆ ಹೊಡೀತು, ಅದೂ ನಿಜ. ಆದ್ರೆ ಈಗ ಕಾಡು ಮಲಗದೆ. ಮಲಗ್ಲಿ ಬುಡಿ. ನಡೀರಿ, ನಾವೂ ಮಲಗಾನ."

ಬತ್ತೇರಿಗೆ ಹಿಂದಿರುಗಿ ಒಂದು ರಾತ್ರಿ ಕಳೆದೆವು. ಒಂದೇ ಕೋಣೆ, ಐವರಿಗೂ ಚಾಪೆ. ಹಾಸ್ಟೆಲಿನ ದಿನಗಳ ಬಳಿಕ ನಾವು ನಾಲ್ವರು ಒಂದೇ ಸೂರಿನಡಿ ಸಾಲಾಗಿ ಮಲಗಿದುದು ಅಂದೇ. ದೀಪ ಆರಿಸಿದ ಮೇಲೆ ರೈತ ತಂದೆಗೆ ಹೊಲದ ವಿಷಯವನ್ನು ಹೇಳಿದುದು ಕತ್ತಲೆಯಲ್ಲಿ ಕೇಳಿಸಿತು. ಅಪ್ಪಾಜಿ ಬೈಯಲಿಲ್ಲ. "ಬೆಳಿಗ್ಗೆ ಮಾತಾಡಾನ" ಎಂದರು.

ಬೆಳಗ್ಗೆ ಆರಕ್ಕೆ ಬಾಗಿಲು ತೆರೆಯಿತು. ಕಾಡಿನೊಳಗೆ ವಾಹನ ನಿಲ್ಲಿಸಕೂಡದು. ಒಂದು ತಿರುವಿನ ಹತ್ತಿರ ಅಪ್ಪಾಜಿ, "ಒಸಿ ನಿಧಾನ" ಎಂದರು. ಮಗ ಕಾರನ್ನು ನಿಧಾನ ಮಾಡಿದ. ಅವರು ಕಿಟಕಿಯ ಗಾಜನ್ನು ಇಳಿಸಿ, ಲಕ್ಕಿಡಿಯ ಮರಕ್ಕೆ ಮುಗಿದಂತೆಯೇ, ಬರಿಯ ಮಂಜಿಗೆ ಕೈಮುಗಿದರು. ಎಂಟರೊಳಗೆ ಗುಂಡ್ಲುಪೇಟೆ ಸೇರಿದೆವು. ಬ್ಯಾಂಕಿನವನು ಹತ್ತಕ್ಕೆ ಐದು ನಿಮಿಷವಿರುವಾಗ ತನ್ನ ಕುರ್ಚಿಯಲ್ಲಿದ್ದನಂತೆ. ಒಂದು ಕಾಸಿನ ನಷ್ಟವೂ ಆಗಲಿಲ್ಲ.

ಹೋಗಬಯಸುವ ವಾಚಕರು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೋಗಲಿ; ಮಳೆಗಾಲದಲ್ಲಿ ಆ ಕಡಲು ನೋಡಲಷ್ಟೇ ತಕ್ಕುದು, ನೀರಿಗಿಳಿಯುವುದು ಅಪಾಯ. ಹಿಂದಿರುಗುವ ದಿನ ಘಟ್ಟಕ್ಕೆಂದು ಎರಡು ಗಂಟೆ ಹೆಚ್ಚಾಗಿ ಇರಿಸಿಕೊಳ್ಳಲಿ. ಕೆಲಸದ ಕಟ್ಟನ್ನು ಮನೆಯಲ್ಲಿಯೇ ಬಿಡಲಿ. ನನ್ನ ಉತ್ತರಪತ್ರಿಕೆಗಳು ಬಿಚ್ಚದೆಯೇ ಹಿಂದಿರುಗಿದವು, ಅವಕ್ಕೆ ಸ್ವಲ್ಪ ಮರಳು ತಗುಲಿತ್ತು, ಅಷ್ಟೇ.

ಹೊಲದ ಮಾತುಕತೆ ಇನ್ನೂ ನಡೆಯುತ್ತಿದೆ. ನಾನು ಮರುವಾರ ತರಗತಿಗೆ ಹೋಗಿ ಯಳಂದೂರಿನ ಹುಡುಗಿಯನ್ನು ಎಬ್ಬಿಸಿ, "ಅಮ್ಮಾ, ನಿನ್ನ ಪ್ರಶ್ನೆಗೆ ಅಂದು ಸರಿಯಾದ ಉತ್ತರ ಕೊಡಲಿಲ್ಲ. ಈಗ ನೋಡಿದ್ದೇನೆ" ಎಂದೆ. ಅವಳು, "ಹೇಗಿದೆ ಸಾರ್?" ಎಂದಳು. ಹದಿನೆಂಟು ವರ್ಣನೆಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ದೂರದಿಂದ ಕೇಳಿದರೆ ಮಿಲ್ಲಿನ ಸದ್ದಿನ ಹಾಗೆ ಇರುತ್ತದೆ" ಎಂದೆ. "ಹತ್ತಿರ ಹೋಗಿಯೇ ನೋಡಬೇಕು."

ಫೆಬ್ರವರಿಯಲ್ಲಿ ತರಗತಿಯನ್ನೇ ಕರೆದೊಯ್ಯಲು ಪ್ರಾಂಶುಪಾಲರ ಅನುಮತಿ ಕೇಳಿದ್ದೇನೆ. ನಲವತ್ತೆರಡು ಮಕ್ಕಳಲ್ಲಿ ಕಡಲನ್ನು ಕಂಡವರು ಐವರು.